ನಿಂಬೆಹಣ್ಣಿನ ಮೇಲೆ ನಿಂತ ಬಸ್ಸು

ಹೂಂ ಅನ್ನೋ ಬಾಯಿ ಒಂದಿದ್ದರೆ ಕತೆಗೆ ತಾನಾಗೇ ಕಾಲು ಬರುತ್ತೆ, ಅನ್ನಿ ಮತ್ತೆ.

ಕಪಿಲೆ ದಂಡೆ ಮೇಲೊಂದು ಪೇಟೆ, ಆ ಪೇಟೆಯೊಳಗೆ ಮಡಿಕಟ್ಟೆ ಬೀದಿ. ಬೀದಿಯ ತುದಿಮನೆ ಇಸ್ತ್ರಿ ಚೌಡಮ್ಮನಿಗೆ ಒಬ್ಬನೇ ಮಗ, ಮಾಚಣ್ಣ ಅಂತ. ಆಳು ನೋಡಿದರೆ ಬಾಗಿಲಿಗೆ ತಲೆ ತಗಲಬೇಕು, ಮೀಸೆ ನೋಡಿದರೆ ಪಾಳೇಗಾರ. ಆದರೆ ದೇವರು ಬುದ್ಧಿ ಹಂಚೋ ಹೊತ್ತಿನಲ್ಲಿ ಇವನು ಸಾಲು ಬಿಟ್ಟು ಮೋಡ ನೋಡ್ತಾ ನಿಂತುಬಿಟ್ಟಿದ್ದ. ಬೇರೆ ತಾಯಂದಿರು ಮಗ ಹೇಳಿದ ಮಾತು ಕೇಳಲ್ಲ ಅಂತ ಅಳ್ತಾರೆ. ಚೌಡಮ್ಮ ಅಳ್ತಿದ್ದದ್ದು ಹೇಳಿದ್ದನ್ನೆಲ್ಲ ಕೇಳ್ತಾನಲ್ಲ ಅಂತ. ಹಾಲು ಉಕ್ಕೋವರೆಗೂ ನೋಡ್ತಿರು ಅಂದರೆ ಉಕ್ಕೋವರೆಗೂ ನೋಡೋನು. ಉಕ್ಕಿ ಒಲೆಗೆ ಸುರಿಯೋದನ್ನೂ ಅಷ್ಟೇ ಶ್ರದ್ಧೆಯಿಂದ ನೋಡೋನು.

ಇಂಥವನನ್ನ ಕಂಡರೆ ಆ ಶಿವಗಂಗೆಗೆ ನಗು. ಅವಳು ಯಾರು ಅಂದರೆ ಬೀದಿಯ ಆಚೆ ತುದಿಯ ಜವರಶೆಟ್ಟಿಯ ಮೊಮ್ಮಗಳು, ತಾಯಿತಂದೆ ಇಲ್ಲದ್ದು. ಗಟ್ಟಿಗಿತ್ತಿ. ಸುಮ್ಮಸುಮ್ಮನೆ ನಗೋ ಪೈಕಿ ಅಲ್ಲ. ಹೊಳೆ ಮೆಟ್ಟಿಲ ಮೇಲೆ ಇಬ್ಬರೂ ಸೇರಿ ಸೀರೆ ಹಿಂಡೋರು, ಅವಳ ಕೈಲೊಂದು ತುದಿ, ಇವನ ಕೈಲೊಂದು ತುದಿ. ಹಿಂಡೋದು ಯಾವಾಗಲೋ ಮುಗಿದಿರೋದು, ಸೀರೆ ಗಾಳಿಗೇ ಒಣಗಿರೋದು, ತುದಿ ಮಾತ್ರ ಇಬ್ಬರೂ ಬಿಡ್ತಿರಲಿಲ್ಲ. ಬಿಡು ಅಂತ ಅವಳು ಹೇಳಲಿಲ್ಲ, ಹೇಳದೆ ಇವನು ಬಿಡೋನಲ್ಲ. ಆಡಿಕೊಳ್ಳೋರು ಆಡಿಕೊಂಡರು. ಬೀದಿ ಅಂದಮೇಲೆ ಬಾಯಿಗಳು ಇರುತ್ತವಪ್ಪ.

ಚೌಡಮ್ಮ ಮಾನ ಮರ್ಯಾದೆ ಸೆರಗಿಗೆ ಕಟ್ಟಿಕೊಂಡು ಹೆಣ್ಣು ಕೇಳೋಕೆ ಹೋದಳು. ಜವರಶೆಟ್ಟಿ ಹಿಂದೆ ಬಸ್ಸು ಓಡಿಸ್ತಿದ್ದೋನು. ಬಸ್ಸು ಕೈಬಿಟ್ಟು ಎಷ್ಟು ಕಾಲವಾದರೂ ನಿದ್ದೆಯಲ್ಲಿ ಅವನ ಬಲಗಾಲು ಈಗಲೂ ಬ್ರೇಕು ಒತ್ತುತ್ತೆ. ಮುದುಕ ಬೇಡ ಅನ್ನಲಿಲ್ಲ, ಆಗಲಿ ಅನ್ನಲೂ ಇಲ್ಲ. ನಾನು ಓಡಿಸ್ತಿದ್ದಂಥ ಕೆಂಪು ಬಸ್ಸನ್ನ ನಿನ್ನ ಮಗ ತನ್ನ ಕೈಯಾರೆ ಆಟಿಕೆಯಾಗಿ ಕಟ್ಟಲಿ, ಆಯುಧಪೂಜೆ ದಿನ ಅದು ತಾನಾಗೇ ನನ್ನ ಹೊಸ್ತಿಲಿಂದ ದೇವರಕೋಣೆವರೆಗೆ ಓಡಲಿ, ಹುಡುಗಿ ಅವನದು ಅಂದ. ಇಲ್ಲವಾದರೆ ಹಬ್ಬ ಕಳೆದ ಮೇಲೆ ಮಳವಳ್ಳಿ ಕಡೆಯವರಿಗೆ ಮಾತು ಕೊಡ್ತೀನಿ ಅಂತಲೂ ಅಂದ.

ಆಟಿಕೆ ಬಸ್ಸು ಕಟ್ಟೋದು ಯಾರು ಕಲಿಸ್ತಾರೆ? ಅದಕ್ಕೂ ಒಬ್ಬಳಿದ್ದಳು. ಪೇಟೆ ಬೀದಿಯ ಅಂಬುಜಾಕ್ಷಿ. ಗಂಡನ್ನ ಬಿಟ್ಟು ಬಂದೋಳು. ಪೆಟ್ಟಿಗೆ ತುಂಬ ಒಡವೆ ತಂದಿದ್ದಾಳೆ ಅಂತ ಊರೆಲ್ಲ ಕತ್ತು ಉದ್ದ ಮಾಡಿ ನೋಡಿದರೆ, ಮುಚ್ಚಳ ತೆಗೆದಾಗ ಇದ್ದದ್ದು ಮಕ್ಕಳಾಟದ ಪ್ಲಾಸ್ಟಿಕ್ ಇಟ್ಟಿಗೆ. ಕೆಂಪು, ಹಳದಿ, ನೀಲಿ, ಹಸಿರು. ಮೇಲೆ ಗುಬಟು, ಕೆಳಗೆ ಗುಳಿ, ಒಂದರ ಮೇಲೊಂದು ಒತ್ತಿದರೆ ಟಕ್ ಅಂತ ಕಚ್ಚಿಕೊಳ್ಳುತ್ತೆ. ಜೊತೆಗೆ ಹಲ್ಲಿನ ಚಕ್ರ, ಹೆಬ್ಬೆರಳುಗಾತ್ರದ ಮೋಟರು, ಬ್ಯಾಟರಿ ಡಬ್ಬಿ. ಅದರಲ್ಲೇ ಜೀಪು, ಲಾರಿ, ಟ್ರಾಕ್ಟರು ಅಂತ ತಾನೇ ಯೋಚಿಸಿ ಕಟ್ಟಿ, ಓಡೋ ಹಾಗೆ ಮಾಡಿ ಮಾರೋಳು. ಮಾಚಣ್ಣ ಅವಳ ಅಂಗಡಿ ಸೇರಿದ.

ಮೊದಲ ದಿನವೆಲ್ಲ ಅವನು ಹಲ್ಲಿನ ಚಕ್ರ ತಿರುಗೋದನ್ನೇ ನೋಡ್ತಾ ಕೂತ. ಚಿಕ್ಕದು ಬಿರಬಿರನೆ ಸುತ್ತಿದರೆ ಅದರ ಹಲ್ಲು ಹಿಡಿದ ದೊಡ್ಡದು ನಿಧಾನಕ್ಕೆ, ಬಸುರಿ ನಡೆದ ಹಾಗೆ ಸುತ್ತೋದು. ಸಂಜೆ ಮನೆಗೆ ಬಂದು ಉಣ್ಣುವಾಗಲೂ ಅವನ ಬೆರಳು ಗಾಳಿಯಲ್ಲಿ ಸುತ್ತುತ್ತಿತ್ತು. ಚೌಡಮ್ಮನಿಗೆ ಹೆದರಿಕೆಯಾಗಿ ಒಂದು ಬುದ್ಧಿಮಾತು ಹೇಳಿದಳು. ಇನ್ನೊಬ್ಬರ ವಸ್ತು ಕೈಗೆ ಬಂದರೆ ಕೊಳೆ ಸಮೇತ ವಾಪಸು ಕೊಡಬೇಡ, ಮಡಿವಾಳರ ಕುಲಕ್ಕೆ ಅದು ಅವಮಾನ ಅಂದಳು.

ಅಂಬುಜಾಕ್ಷಿ ಒಂದು ಬುಟ್ಟಿ ಹಳೇ ಸಾಮಾನು ಕೊಟ್ಟು, ಬಣ್ಣ ಬಣ್ಣ ಬೇರೆ ಮಾಡಿ ತಾ ಅಂದಳು. ಇವನು ಸೀದಾ ಹೊಳೆಗೆ ಹೋದ. ಇಟ್ಟಿಗೆಗಳನ್ನ ಸೀಗೆಯಲ್ಲಿ ನೆನೆಹಾಕಿದ, ಉಜ್ಜಿದ, ಜಾಲಿಸಿದ, ಬಿಳೀ ದುಪ್ಪಟಿ ಮೇಲೆ ಹರವಿದ. ದೂರದಿಂದ ಕಂಡ ಚೌಡಮ್ಮ, ಬಿಸಿಲಿಗೆ ಮೆಣಸಿನಕಾಯಿ ಅರಿಶಿನಕೊಂಬು ಒಟ್ಟಿಗೆ ಯಾರು ಒಣಹಾಕಿದರೋ, ಕಾಮನಬಿಲ್ಲು ಕಳಚಿ ಬಿದ್ದ ಹಾಗಿದೆಯಲ್ಲ ಅಂತ ಕಣ್ಣು ತುಂಬಿಕೊಂಡು ನಿಂತಳು. ಹತ್ತಿರ ಬಂದು ನೋಡಿದರೆ ಮೋಟರುಗಳು! ಬಾಲ ಹಿಡಿದ ಇಲಿಗಳ ಹಾಗೆ ಹಗ್ಗಕ್ಕೆ ಕ್ಲಿಪ್ಪು ಹಾಕಿಸಿಕೊಂಡು ತೊಟತೊಟ ಸುರೀತಿದ್ದವು. ಬ್ಯಾಟರಿ ಡಬ್ಬಿಗೆ ಗಂಜಿ ಬೇರೆ ಹಾಕಿದ್ದ.

ಅಂಬುಜಾಕ್ಷಿ ಬೈದ ಬೈಗುಳ ಅಕ್ಕಪಕ್ಕದ ಅಂಗಡಿಯವರು ಕದ ಹಾಕಿಕೊಂಡು ಕೇಳಿದರು. ಚೌಡಮ್ಮನೂ ಬೈದು, ಹೊಸ ಬುದ್ಧಿ ಹೇಳಿದಳು. ಈ ಸಾಮಾನಿಗೆ ನೀರು ಸೋಕಬಾರದು, ಗಾಳಿ ಸೋಕಬಾರದು, ಬಾಣಂತಿಯನ್ನ ನೋಡಿಕೊಂಡ ಹಾಗೆ ಬೆಚ್ಚಗೆ ನೋಡಿಕೋ ಅಂದಳು.

ಆಗಲಿ ಅವ್ವ ಅಂದ. ಅಂದದ್ದೇ ಬಂತು ನೋಡಿ.

ಮುಂದಿನ ವಾರ ಅಂಬುಜಾಕ್ಷಿ ಒಂದು ಹಸಿರು ಜೀಪು ಕಟ್ಟಿ, ಡಾಕ್ಟರ ಮನೆಗೆ ಬೆಳಗ್ಗೆ ತಲುಪಿಸು ಅಂತ ಇವನ ಕೈಲಿ ಕಳಿಸಿದಳು. ಇವನು ಅದನ್ನ ಕತ್ತಲೆ ಕೋಣೆಯಲ್ಲಿ ಮಂಚದ ಮೇಲೆ ಮಲಗಿಸಿದ. ಬಾನೆಟ್ಟಿಗೆ ಬಟ್ಟೆ ಬಿಗಿದ. ಎರಡು ದೀಪದ ತೂತಿಗೂ ಹತ್ತಿ ತುರುಕಿದ. ಮಂಚದ ಕೆಳಗೆ ಅಗ್ಗಿಷ್ಟಿಕೆ ಇಟ್ಟು ಸಾಂಬ್ರಾಣಿ ಹಾಕಿದ. ಮನೆ ತುಂಬ ಹೊಗೆ, ಎಳೇಮಗುವಿನ ಮನೆಯ ವಾಸನೆ. ಚೌಡಮ್ಮ ಬಿಸಿಲಿಂದ ಬಂದವಳು ಆ ವಾಸನೆಗೆ ಮೈಮರೆತು, ಇವನು ಹುಟ್ಟಿದ ಕಾಲವನ್ನ ನೆನೆಸಿಕೊಂಡು ಬಾಗಿಲಲ್ಲೇ ಕಣ್ಣು ಮುಚ್ಚಿದಳು. ತೆರೆದಾಗ ಜೀಪಿನ ಚಕ್ರ ನಾಲ್ಕೂ ಹಸಿ ಹಪ್ಪಳ. ಹೊಟ್ಟೆ ಕುಸಿದು ಜೀಪು ಪದ್ಮಾಸನ ಹಾಕಿತ್ತು.

ಇನ್ನು ಇವನನ್ನ ಅಂಗಡಿಗೆ ಸೇರಿಸಲ್ಲ ಅಂತ ಚೌಡಮ್ಮ ತಿಳಿದಳು. ತಿಳಿದು, ಜೀಪನ್ನ ಮಡಿಲಲ್ಲಿ ಇಟ್ಟುಕೊಂಡು ಅಂಬುಜಾಕ್ಷಿಯ ಮೆಟ್ಟಿಲ ಮೇಲೆ ಕೂತು ಕಣ್ಣೀರು ಹಾಕಿದಳು. ಮಳವಳ್ಳಿಯವರು ಬಂದುಬಿಡ್ತಾರೆ ತಾಯಿ, ನನ್ನ ಮಗ ಆ ಹುಡುಗಿ ಬಿಟ್ಟರೆ ಇನ್ನೊಬ್ಬಳ ಕಣ್ಣಿಗೆ ಮನುಷ್ಯನಾಗಿ ಕಾಣಲ್ಲ ಅಂದಳು. ಅಂಬುಜಾಕ್ಷಿ ಅವಳ ಮಡಿಲಿಂದ ಜೀಪು ಎತ್ತಿಕೊಂಡು ಒಂದು ಮಾತು ಅಂದಳು.

"ಅಳಬೇಡಮ್ಮ. ಹೇಳಿದ ಮಾತು ಕೇಳೋ ಗಂಡಸನ್ನ ನಾನು ಕಂಡಿದ್ದು ಇದೇ ಮೊದಲು. ಇಟ್ಟುಕೋತೀನಿ."

ಈ ಮಾತಿಗೆ ಊರು ಎಷ್ಟು ಬಾಲ ಕಟ್ಟಿತು ಅನ್ನೋದು ಬೇಡ ಬಿಡಿ. ಅವಳು ಕರುಣೆಗೆ ಇಟ್ಟುಕೊಂಡದ್ದೂ ಅಲ್ಲ. ಮಾಚಣ್ಣ ಒತ್ತಿದ ಇಟ್ಟಿಗೆ ನಡುವೆ ಕೂದಲು ಕೂಡ ಹೋಗ್ತಿರಲಿಲ್ಲ. ಬೆರಳಿಗೆ ಬುದ್ಧಿ ಇತ್ತು, ಅದು ತಲೆವರೆಗೆ ಹತ್ತಿರಲಿಲ್ಲ ಅಷ್ಟೇ. ಅವಳು ಒಂದು ಲಾರಿಯ ಚಿತ್ರ ಕೊಟ್ಟು, ಬೆಂಕಿ ನೀರು ಎಲ್ಲ ಬಿಡು, ಚಿತ್ರದಲ್ಲಿ ಏನಿದೆಯೋ ಅದನ್ನ ಮಾಡು, ಹೆಚ್ಚೂ ಬೇಡ ಕಮ್ಮಿಯೂ ಬೇಡ ಅಂತ ಕಟ್ಟಪ್ಪಣೆ ಮಾಡಿದಳು.

ಮಾಚಣ್ಣ ಮಾಡಿದ. ಹೆಚ್ಚೂ ಮಾಡಲಿಲ್ಲ ಕಮ್ಮಿಯೂ ಮಾಡಲಿಲ್ಲ. ಚಿತ್ರದಲ್ಲಿ ಲಾರಿಯ ಒಂದು ಮಗ್ಗುಲು ಮಾತ್ರ ಇತ್ತು, ಇವನೂ ಒಂದು ಮಗ್ಗುಲು ಮಾತ್ರ ಕಟ್ಟಿದ. ಮುಂದೊಂದು ಚಕ್ರ, ಹಿಂದೊಂದು ಚಕ್ರ, ಒಂದೇ ಬಾಗಿಲು, ಕಿಟಕಿಯಲ್ಲಿ ಅರ್ಧ ಮುಖದ ಡ್ರೈವರು. ಅದನ್ನ ಗೋಡೆಗೆ ಒರಗಿಸಿ ನಿಲ್ಲಿಸಿ, ಸಂಜೆವರೆಗೂ ಅದರ ಎದುರು ಕೂತಿದ್ದ. ಗಾಳಿ ಬೀಸಿದರೆ ಲಾರಿ ಮಲಗೋದು, ಇವನು ಎಬ್ಬಿಸೋನು. ಮತ್ತೆ ಮಲಗೋದು, ಮತ್ತೆ ಎಬ್ಬಿಸೋನು. ಆಚೆ ಮಗ್ಗುಲು ಎಲ್ಲಪ್ಪ ಅಂದರೆ, ಅದು ಕಾಗದದ ಹಿಂದೆ ಇರಬೇಕು ಅಂತ ತಿರುವಿ ನೋಡಿದೆ, ಇರಲಿಲ್ಲ ಅಂದ.

ಅಂಬುಜಾಕ್ಷಿಗೆ ಬೈಯೋಕೂ ಶಕ್ತಿ ಉಳಿದಿರಲಿಲ್ಲ. ತಲೆ ಹಿಡಿದುಕೊಂಡು, ಚಿತ್ರ ಮರೆತುಬಿಡು ಮಾರಾಯ, ಇದು ಆಟದ್ದು ಅಂತಲೇ ತಿಳಿಯಬೇಡ, ನಿಜವಾದ ಗಾಡಿ ಅಂತ ತಿಳಿ, ನಿಜವಾದ ಗಾಡಿಗೆ ಏನೇನುಂಟೋ ಇದಕ್ಕೂ ಅದನ್ನೆಲ್ಲ ಮಾಡು ಅಂದಳು.

ಆ ಮಾತು ಅವನಿಗೆ ಎಲ್ಲಿ ತಾಗಿತೋ. ಮಾರನೆಯ ದಿನದಿಂದ ಬಸ್‌ಸ್ಟ್ಯಾಂಡಿಗೆ ಹೋಗಿ ಕೂರೋಕೆ ಶುರುಮಾಡಿದ. ಬಸ್ಸಿನ ಹೊಟ್ಟೆ ಕೆಳಗೆ ಬಗ್ಗಿ ನೋಡೋನು, ಬಾಗಿಲು ಹೇಗೆ ಮಡಿಚಿಕೊಳ್ಳುತ್ತೆ ನೋಡೋನು. ಬಂದು ಕಟ್ಟೋನು. ಮೋಟರಿನ ವೇಗವನ್ನ ಹಲ್ಲಿನ ಚಕ್ರಕ್ಕೆ ಹಲ್ಲಿನ ಚಕ್ರ ಕಚ್ಚಿಸಿ ಇಳಿಸಿದ, ಬಸ್ಸು ತುಂಬಿದ ಕೆರೆಯ ಏರಿ ಮೇಲೆ ಹೋಗೋ ಹಾಗೆ ಗಂಭೀರವಾಗಿ ಹೋಗಬೇಕು ಅಂತ. ಸೀಟು ಇಟ್ಟ. ಸೀಟಿನ ಮೇಲೆ ಮೊದಲೇ ಒಂದು ಟವಲ್ ಚೂರು ಹಾಕಿಟ್ಟ, ಯಾರೋ ಜಾಗ ಹಿಡಿದಿದ್ದಾರೆ ಅಂತ. ಇಸ್ತ್ರಿ ಮಾಡ್ತಾ ಮಾಡ್ತಾ ಚೌಡಮ್ಮನಿಗೆ ಮಧ್ಯಾಹ್ನದ ತೂಕಡಿಕೆಯಲ್ಲಿ ಅದೇ ಬಸ್ಸು ಕಾಣೋದು. ಪಂಚೆಯ ಬಿಳೀ ದಾರಿ ಮೇಲೆ, ಅಂಚಿನ ಜರಿ ಪಕ್ಕದಲ್ಲಿ, ಕೆಂಪಗೆ, ಸದ್ದಿಲ್ಲದೆ ಬರೋದು. ಕಿಟಕಿಯಲ್ಲಿ ಶಿವಗಂಗೆ ಕೂತಿರೋಳು. ಇಸ್ತ್ರಿಯ ಬಿಸಿಯಿಂದ ಎದ್ದ ಹಬೆಯೊಳಗೆ ಹೋಗಿ ಕರಗೋದು.

ಆಯುಧಪೂಜೆ ಬಂತು. ಜವರಶೆಟ್ಟಿಯ ನಡುಮನೆಯಲ್ಲಿ ಬೀದಿಯ ಮುಕ್ಕಾಲು ಪಾಲು ಜನ. ಹೊಸ್ತಿಲ ಒಳಗೆ ಬಸ್ಸು ನಿಂತಿತ್ತು, ಸೇವಂತಿಗೆ ಹಾರ, ಕುಂಕುಮ, ಬಾಳೆಕಂದು, ಎಲ್ಲಾ ಅಲಂಕಾರ. ಎಷ್ಟು ಚಂದ ಇತ್ತು ಅಂದರೆ ಕೊಂಕು ಹುಡುಕೋಕೆ ಬಂದವರು ಕೂಡ ಕೈಮುಗಿದರು. ಮಾಚಣ್ಣ ಗುಂಡಿ ಒತ್ತಿದ. ಮೋಟರು ಗುಂಯ್ ಅಂತು. ಚಕ್ರ ತಿರುಗಿದವು. ಬಸ್ಸು ಹೋಗಲಿಲ್ಲ.

ಜನ ಬಗ್ಗಿ ನೋಡಿದರು. ನಿಜವಾದ ಗಾಡಿಗೆ ಪೂಜೆ ಮಾಡಿದರೆ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಅದನ್ನ ಅಪ್ಪಚ್ಚಿ ಮಾಡಿಕೊಂಡು ಗಾಡಿ ಹೊರಡುತ್ತೆ ತಾನೇ? ಇವನೂ ಇಟ್ಟಿದ್ದ, ಚಕ್ರಕ್ಕೊಂದು. ಚಕ್ರಕ್ಕಿಂತ ನಿಂಬೆಹಣ್ಣೇ ದೊಡ್ಡದು. ಹಣ್ಣುಗಳು ಹೊಟ್ಟೆ ಕೆಳಕ್ಕೆ ಜಾರಿ, ಅವುಗಳ ಮೇಲೆ ಹೊಟ್ಟೆ ಊರಿ ಬಸ್ಸು ಅಂತರದಲ್ಲಿ ನಿಂತಿತ್ತು, ಚಕ್ರ ಗಾಳಿಯಲ್ಲಿ ಸುತ್ತುತ್ತಿದ್ದವು.

ನಕ್ಕರು ನೋಡಿ ಜನ, ಅಡುಗೆಮನೆಯವರೆಗೂ ನಕ್ಕರು. ಮಳವಳ್ಳಿಗೆ ಈಗಲೇ ಫೋನು ಮಾಡಿ ಅಂತ ಒಬ್ಬಳು ಅಂದೇಬಿಟ್ಟಳು. ಶಿವಗಂಗೆ ಮಾತ್ರ ನಗಲಿಲ್ಲ, ಸೆರಗಿನ ತುದಿ ಹಿಂಡ್ತಾ ನಿಂತಿದ್ದಳು. ಭೂಮಿ ಬಿರಿಯಬಾರದೇ ಅಂತ ಚೌಡಮ್ಮ ಗೋಡೆಗೆ ಒರಗಿದಳು.

ಜವರಶೆಟ್ಟಿ ಮೆಲ್ಲಗೆ ಎದ್ದು ಬಂದ. ಮಂಡಿ ಊರಿ, ಬಹಳ ಹೊತ್ತು ಆ ನಿಂಬೆಹಣ್ಣುಗಳನ್ನೇ ನೋಡಿದ. ಡಿಪೋದಲ್ಲಿದ್ದಾಗ ಪ್ರತಿ ಹಬ್ಬಕ್ಕೂ ನನ್ನ ಚಕ್ರದ ಕೆಳಗೆ ಯಾರೋ ಒಬ್ಬರು ಇಡ್ತಿದ್ದರು, ಕೆಲಸ ಬಿಟ್ಟ ಮೇಲೆ ಯಾರೂ ಇಡಲಿಲ್ಲ ಅಂದ, ಯಾರಿಗೂ ಅಲ್ಲ, ಬಸ್ಸಿಗೆ. ಆಮೇಲೆ ಬಸ್ಸನ್ನ ಎರಡು ಕೈಲೂ ಎತ್ತಿ ಪಕ್ಕಕ್ಕಿಟ್ಟು ಎದ್ದು ನಿಂತ.

"ಹಣ್ಣು ಒಡೆಯೋ ಭಾರ ಇದಕ್ಕಿಲ್ಲ. ನನಗಿದೆ."

ಅಂದವನೇ ನಿಂಬೆಹಣ್ಣುಗಳನ್ನ ಒಂದೊಂದಾಗಿ ತನ್ನ ಬಲಗಾಲಲ್ಲೇ ತುಳಿದು ಒಡೆದ. ಮನೆಯೆಲ್ಲ ನಿಂಬೆ ಘಮ. ಬಸ್ಸನ್ನ ಮತ್ತೆ ನೆಲಕ್ಕಿಟ್ಟದ್ದೇ ತಡ, ಹೊರಟಿತು. ನಿಧಾನಕ್ಕೆ, ಗಂಭೀರವಾಗಿ, ಜನರ ಕಾಲುಗಳ ನಡುವೆ ದಾರಿ ಮಾಡಿಕೊಂಡು ಹೋಗಿ ದೇವರಕೋಣೆಯ ಹೊಸ್ತಿಲಿಗೆ ಮೂತಿ ತಾಗಿಸಿ ನಿಂತಿತು. ಮುದುಕನ ಕಣ್ಣಲ್ಲಿ ನೀರು. ಮಾಚಣ್ಣನ ಹೆಗಲು ಹಿಡಿದು, ಮದುವೆ ದಿನ ನನ್ನ ಮೊಮ್ಮಗಳನ್ನ ಈ ಬಸ್ಸಲ್ಲೇ ನಿಮ್ಮ ಮನೆಗೆ ಕರಕೊಂಡು ಹೋಗಪ್ಪ ಅಂದುಬಿಟ್ಟ.

ಆ ಮಾತು ಕೇಳಿದಾಗಲೇ ಚೌಡಮ್ಮ ಮಗನನ್ನ ಪಕ್ಕಕ್ಕೆ ಕರೀಬೇಕಿತ್ತು. ಹಾಗಲ್ಲ ಮಗ, ಅದು ಪ್ರೀತಿಗೆ ಆಡಿದ ಮಾತು ಅಂತ ಹೇಳಬೇಕಿತ್ತು. ಸಂತೋಷದಲ್ಲಿ ಮರೆತಳು.

ಮದುವೆ ಆಯಿತು, ಊಟ ಆಯಿತು. ಚೌಡಮ್ಮ ಹೊಸ್ತಿಲ ಮೇಲೆ ಸೇರಕ್ಕಿ ಇಟ್ಟು, ಆರತಿ ತಟ್ಟೆ ಹಿಡಿದು ಸೊಸೆಗೆ ಕಾದಳು. ಬೀದಿಯ ಆ ತುದಿಯಿಂದ ಈ ತುದಿಗೆ ಬರೋಕೆ ಎಲೆಯಡಿಕೆ ಹಾಕಿಕೊಳ್ಳೋವಷ್ಟು ಹೊತ್ತು ಸಾಕು. ಬಿಸಿಲು ಇಳಿಯಿತು, ಹೊಳೆ ಕಡೆಯಿಂದ ಕೊಕ್ಕರೆಗಳು ಹಾರಿಬಂದವು, ಬೀದಿಯೆಲ್ಲ ಅರಿಶಿನ ಬಣ್ಣ ಆಯಿತು, ಸೊಸೆ ಬರಲಿಲ್ಲ. ತಟ್ಟೆ ಹಿಡಿದುಕೊಂಡೇ ನೋಡೋಕೆ ಹೋದಳು.

ನಡುಬೀದಿಯಲ್ಲಿ ದಿಬ್ಬಣ ನಿಂತಿತ್ತು. ಎಲ್ಲರ ಮುಂದೆ ಕೆಂಪು ಬಸ್ಸು. ಶಿವಗಂಗೆಯ ಧಾರೆಸೀರೆಯ ಸೆರಗಿನ ತುದಿ ಬಸ್ಸಿನ ಬಾಗಿಲೊಳಗೆ ಸೇರಿತ್ತು, ಅವಳು ಬಸ್ಸಲ್ಲಿ ಬರ್ತಿದ್ದಾಳೆ ಅನ್ನೋದಕ್ಕೆ. ಬ್ಯಾಟರಿ ಮುಗಿದು ಬಸ್ಸು ಅಲ್ಲೇ ಕೂತಿದೆ. ಕೈಲಿ ಎತ್ತಿಕೊಂಡು ಬಾರೋ ಅಂತ ನೆಂಟರೆಲ್ಲ ಗೋಗರೆದರೆ, ಬಸ್ಸನ್ನ ಯಾರಾದರೂ ಎತ್ತಿಕೊಂಡು ಹೋಗ್ತಾರಾ, ಕೆಟ್ಟು ನಿಂತ ಬಸ್ಸನ್ನ ಎಲ್ಲರೂ ಇಳಿದು ತಳ್ಳಬೇಕು ಅಂತ ಮದುಮಗನ ಹಟ. ಇಳಿಯೋಕೆ ಯಾರೂ ಹತ್ತಿಲ್ಲವಲ್ಲ? ಅದಕ್ಕೆ ಎಲ್ಲರನ್ನೂ ಪಕ್ಕದ ಮನೆ ಜಗಲಿ ಹತ್ತಿಸಿ, ಸಾಲಾಗಿ ಕೆಳಗಿಳಿಸ್ತಿದ್ದ. ಇಳಿದೋರು ಬಂದು ಕುಕ್ಕರುಗಾಲಲ್ಲಿ ಕೂತು ಬಸ್ಸಿನ ಹಿಂದೆ ಒಂದೊಂದು ಬೆರಳು ಇಡಬೇಕು. ಜರಿಪೇಟದ ಜವರಶೆಟ್ಟಿ ಆಗಲೇ ಇಟ್ಟಿದ್ದ. ಗೋರಂಟಿ ಬೆರಳು ಇಟ್ಟುಕೊಂಡು ಶಿವಗಂಗೆ ನಕ್ಕು ನಕ್ಕು ಬಾಸಿಂಗ ಓರೆಯಾಗಿತ್ತು.

ಬೈದು ಬುದ್ಧಿ ಹೇಳೋಣ ಅಂತ ಚೌಡಮ್ಮ ಬಾಯಿ ತೆಗೆದಳು. ಹೇಳಿದರೆ ನಾಳೆ ಅದನ್ನ ಮಾಡ್ತಾನಲ್ಲ ಅಂತ ಹೊಳೆದು ಬಾಯಿ ಮುಚ್ಚಿಕೊಂಡಳು. ಆರತಿ ತಟ್ಟೆ ಕೆಳಗಿಟ್ಟು, ಸೆರಗು ಸಿಕ್ಕಿಸಿ, ತಾನೂ ಬೆರಳು ಇಡೋಕೆ ಬಗ್ಗಿದಳು. ಮಾಚಣ್ಣ ತಡೆದ.

"ಅವ್ವ, ನೀನಿನ್ನೂ ಹತ್ತೇ ಇಲ್ಲ."

ಚೌಡಮ್ಮ ಹೋಗಿ ಜಗಲಿ ಹತ್ತಿದಳು. ಇಳಿದಳು. ಬಂದು ತಳ್ಳಿದಳು.