ಚೆಲುವಣ್ಣನ ದನಿ

ಮುಪ್ಪಡರಿದ ಬಿಳಿ ಕಾರೊಂದು ನಂಬಿಕಸ್ಥ ಗ್ಯಾರೇಜು ಹುಡುಕಿಕೊಂಡು ಹೊರಟಿತು. ಮೊದಲ ಗ್ಯಾರೇಜಿನ ಯಜಮಾನ ಸ್ಪ್ಯಾನರು.

"ಅಜ್ಜಾ, ನೋವಾಗುತ್ತೆ, ಆದರೂ ಕಣ್ಣು ಬಿಟ್ಟುಕೊಂಡೇ ಇರು. ಬಿಚ್ಚಿದ ಹಳೆಯ ಸಾಮಾನನ್ನೆಲ್ಲ ನಿನ್ನ ಡಿಕ್ಕಿಯಲ್ಲೇ ಹಾಕುತ್ತೇನೆ, ನೋಡಿಕೋ. ಇನ್ನು ಘಾಟಿ ಹತ್ತುವ ಆಸೆ ಮಾತ್ರ ಬಿಡು."

ಅಜ್ಜ ಎಂದದ್ದಕ್ಕೇ ಕಾರಿಗೆ ಮೈಯೆಲ್ಲ ಉರಿಯಿತು. ಅದು ಸರ್ರನೆ ತಿರುಗಿ ಎದುರಿನ ಗ್ಯಾರೇಜಿಗೆ ಹೋಯಿತು. ಅಲ್ಲಿನ ಯಜಮಾನ ಎಣ್ಣೆಕ್ಯಾನು ನಡು ಬಗ್ಗಿಸಿ ಕರೆಯಿತು.

"ಬನ್ನಿ ಅಣ್ಣಾ! ನಿಮಗೆ ವಯಸ್ಸಾಯಿತು ಅಂದವರು ಯಾರು? ಕಣ್ಣು ಮುಚ್ಚಿ ಮಲಗಿ, ಉಳಿದದ್ದು ನನಗೆ ಬಿಡಿ."

"ನಮ್ಮ ಬೀದಿಯ ಜೀಪು ಚೆಲುವಣ್ಣ ಹೋದ ತಿಂಗಳು ಇಲ್ಲಿಗೇ ಬಂದಿದ್ದ. ಹೇಗಿದ್ದಾನೆ?"

"ಪೂರ್ತಿ ಗುಣವಾಗಿ ಆಗಲೇ ಹೊರಟುಹೋದರಲ್ಲ!"

ಕಾರು ನಿಶ್ಚಿಂತೆಯಿಂದ ಕಣ್ಣು ಮುಚ್ಚಿತು.

ಸಂಜೆ ಎಚ್ಚರವಾದಾಗ ಮೈ ಮಿರಮಿರ ಮಿಂಚುತ್ತಿತ್ತು. ಕಾರು ಹಿಗ್ಗಿನಿಂದ ಹಾರ್ನ್ ಹೊಡೆಯಿತು. ಹೊರಟದ್ದು ಗೊಗ್ಗರು ದನಿ. ಇಪ್ಪತ್ತು ವರ್ಷ ದಿನಾ ಬೆಳಿಗ್ಗೆ ಬೀದಿಯ ಕೊನೆಯಿಂದ ತನ್ನನ್ನು ಕರೆಯುತ್ತಿದ್ದ, ಚೆಲುವಣ್ಣನ ದನಿ.

ಕಾರು ಸುತ್ತಲೂ ನೋಡಿತು. ಜೀಪು ಎಲ್ಲೂ ಇರಲಿಲ್ಲ.

"ಚೆಲುವಣ್ಣಾ, ಎಲ್ಲಿದ್ದೀಯೋ?" ಎಂದು ಕೂಗಿತು.

ಆ ಕೂಗೂ ಚೆಲುವಣ್ಣನದೇ ಆಗಿತ್ತು.