ಜಿಡ್ಡು ಬಿಡದ ಉಣ್ಣೆ

"ಅವ್ವಾ, ನೀವು ಹೇಳಿದ್ದೆಲ್ಲ ನನಗೆ ಬಾಯಿಪಾಠವಾಗಿದೆ. ಆದರೂ ಯಾರಾದರೂ ಒಂದು ಮಾತಂದರೆ ಹೊತ್ತಿಕೊಂಡು ಉರಿಯುತ್ತೇನೆ. ಕಲಿತದ್ದು ನನ್ನೊಳಗೆ ಏಕೆ ಇಳಿಯುವುದಿಲ್ಲ?"

ಹೀಗೆ ಕೇಳಿದವಳು ಸಾತವ್ವ. ತಬ್ಬಲಿಯಾಗಿ ಬೆಳೆದು, ಸಂತೆಯಲ್ಲಿ ತರಕಾರಿ ಮಾರಿ, ಜಗಳವಾಡಿಯೇ ತನ್ನ ಜಾಗ ಉಳಿಸಿಕೊಂಡವಳು. ಅಕ್ಷರವನ್ನೂ ತಾನಾಗಿಯೇ ಕಲಿತಿದ್ದಳು. ಅಂದು ಬೆಳಿಗ್ಗೆ ಆಶ್ರಮದ ಅಡುಗೆಮನೆಯಲ್ಲಿ ಜೊತೆಯವಳನ್ನು ಬೈದು ಅಳಿಸಿ, ಆಮೇಲೆ ತಾನೇ ನಾಚಿ, ಗಂಟು ಕಟ್ಟಿಕೊಂಡು ಗುರುಮಾತೆಯ ಮುಂದೆ ಬಂದು ನಿಂತಿದ್ದಳು. ಉತ್ತರ ಸಿಕ್ಕರೆ ಇರುವುದು, ಸಿಗದಿದ್ದರೆ ಹೊರಡುವುದು.

ಗುರುಮಾತೆ, "ಗಂಟು ಕೆಳಗಿಡು, ಭಾರ. ಒಂದು ಕತೆ ಕೇಳಿ ಹೋಗುವೆಯಂತೆ" ಎಂದರು.

ಒಬ್ಬ ಕುರಿಗಾಹಿಯ ಹೆಂಡತಿ ಇದ್ದಳು. ಕಂಬಳಿಗೆ ನೂಲು ತೆಗೆಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಮಗಳಿಗೆ ಚೊಚ್ಚಲ ಹೆರಿಗೆಯಾಯಿತು. ಕೂಸಿನ ತೊಟ್ಟಿಲಿಗೆ ಹೊಂಬಣ್ಣದ ಹೊದಿಕೆ ನೇಯಬೇಕೆಂದು ಅವಳಿಗೆ ಆಸೆಯಾಯಿತು. ಬಿಳಿ ಉಣ್ಣೆ ಆರಿಸಿದಳು. ಈರುಳ್ಳಿ ಸಿಪ್ಪೆ ಕುದಿಸಿ, ಬಣ್ಣ ಹಿಡಿಯಲೆಂದು ಪಟಿಕ ಬೆರೆಸಿ, ಉಣ್ಣೆ ಅದ್ದಿದಳು. ತೆಗೆದು ನೋಡಿದರೆ ಅಲ್ಲಲ್ಲಿ ಮಚ್ಚೆ, ಉಳಿದದ್ದೆಲ್ಲ ಬಿಳಿ. ಇನ್ನಷ್ಟು ಸಿಪ್ಪೆ ಹಾಕಿದಳು. ಮಚ್ಚೆ ಗಾಢವಾಯಿತೇ ಹೊರತು ಹರಡಲಿಲ್ಲ. ಸಿಟ್ಟಿನಿಂದ ಅರಿಶಿನದ ಡಬ್ಬಿಯನ್ನೇ ತಂದು ಸುರಿದಳು.

ಕಟ್ಟೆಯ ಮೇಲೆ ಕುಳಿತಿದ್ದ ಅತ್ತೆ ನಕ್ಕಳು. "ಉಪ್ಪು ಖಾರ ಏಕೆ ಬಿಟ್ಟೆಯೇ? ಹಾಕಿಬಿಡು, ಊಟಕ್ಕೆ ಸಾರಾಗುತ್ತದೆ."

"ನಗಬೇಡಿ ಅತ್ತೆ. ಸಿಪ್ಪೆಯಲ್ಲೇ ಸತ್ವವಿಲ್ಲ."

"ಸತ್ವವಿಲ್ಲವಂತೆ! ನಿನ್ನ ಕೈ ನೋಡಿಕೋ, ಮೊಣಕೈವರೆಗೂ ಹಳದಿ. ಉಣ್ಣೆ ತೊಳೆದೆಯಾ?"

"ತೊಳೆಯುವುದೇ? ಜಿಡ್ಡು ಹೋದರೆ ಮಳೆನೀರು ಒಳಗಿಳಿಯುವುದಿಲ್ಲವೇ? ನಮ್ಮಲ್ಲಿ ಯಾರಾದರೂ ಕಂಬಳಿ ಉಣ್ಣೆಯ ಜಿಡ್ಡು ತೆಗೆದದ್ದುಂಟೇ?"

"ನೀರನ್ನೇ ಒಳಗೆ ಬಿಡದ ಉಣ್ಣೆ ಬಣ್ಣವನ್ನು ಹೇಗೆ ಬಿಟ್ಟೀತು, ಹುಚ್ಚಿ? ತೊಟ್ಟಿಲ ಕೂಸು ಕುರಿ ಕಾಯಲು ಹೋಗುತ್ತದೆಯೇ?"

ಸೊಸೆ ಮುಖ ಬಿಗಿದುಕೊಂಡೇ ಬೇರೆ ಉಣ್ಣೆ ತಂದಳು. ಬಿಸಿನೀರಿಗೆ ಅಂಟುವಾಳದ ನೊರೆ ಹಾಕಿ, ಉಜ್ಜದೆ, ನೆನೆಯಲು ಬಿಟ್ಟಳು. ಜಿಡ್ಡು ಮೇಣದಂತೆ ಮೇಲೆ ತೇಲಿತು. ನೀರು ತಿಳಿಯಾಗುವವರೆಗೂ ಬದಲಿಸಿದಳು. ಆಮೇಲೆ ಪಟಿಕ ಬೆರೆಸಿದ ಹೊಸ ಸಿಪ್ಪೆಯ ನೀರಿಗೆ ಅದ್ದಿದಳು. ಈ ಸಲ ಒಂದೆಳೆಯೂ ಬಿಳಿ ಉಳಿಯಲಿಲ್ಲ. ಕೂಸು ಹೊಂಬಣ್ಣದ ಹೊದಿಕೆಯಲ್ಲಿ ಬೆಚ್ಚಗೆ ಮಲಗಿತು. ಅಜ್ಜಿಯಾದವಳು ಅದನ್ನು ಕಂಡಕಂಡವರಿಗೆಲ್ಲ ತೋರಿಸಿದಳು. ಅತ್ತೆ ಹೇಳಿಕೊಟ್ಟದ್ದೆಂದು ಮಾತ್ರ ಯಾರಿಗೂ ಹೇಳಲಿಲ್ಲ.

ಸಾತವ್ವನಿಗೂ ನಗು ಬಂತು. ಆಮೇಲೆ ಕೇಳಿದಳು: "ಹಾಗಾದರೆ ಆ ಜಿಡ್ಡು ಕೆಟ್ಟದ್ದೇ, ಅವ್ವಾ?"

"ಯಾರು ಹಾಗೆಂದವರು? ಬಯಲಲ್ಲಿ ಕುರಿಯ ಜೀವ ಕಾಯ್ದದ್ದೇ ಅದು. ಆದರೆ ಇಲ್ಲಿ ಮಳೆ ಎಲ್ಲಿದೆ, ಸಾತವ್ವ?"