ಮಹಡಿಗೆ ಹೋದ ಹಿರಿಮಗ

ಹೋಟೆಲಿನ ಟೀವಿಯ ಪಕ್ಕ ಬಲೆ ಕಟ್ಟಿಕೊಂಡಿದ್ದ ಜೇಡಕ್ಕೆ, ಅಲ್ಲಿ ದಿನಾ ಮಧ್ಯಾಹ್ನ ಮರುಪ್ರಸಾರವಾಗುವ ಹಳೆಯ ಹಾಸ್ಯ ಧಾರಾವಾಹಿಯೆಂದರೆ ಪ್ರಾಣ. ಒಂದು ದಿನ ಬಲೆಗೆ ನೊಣ ಬಿತ್ತು. ಎರಡು ದಿನದಿಂದ ಹಸಿದಿದ್ದ ಜೇಡ ಬಾಯಿ ತೆರೆಯಿತು.

"ತಾಳು," ಎಂದಿತು ನೊಣ. "ಸಾಯುವ ಮೊದಲು ಒಂದು ಸಂಶಯ. ಮೂರನೆಯ ಕಂತಿನಲ್ಲಿ ಬಟ್ಟೆ ಒಣಹಾಕಲು ಮಹಡಿಗೆ ಹೋದ ಹಿರಿಮಗ ಆಮೇಲೆ ಇಳಿದು ಬರಲೇ ಇಲ್ಲ. ಮನೆಯವರೂ ಕೇಳಲಿಲ್ಲ. ಏಕೆ?"

ಜೇಡದ ಎಂಟೂ ಕಾಲುಗಳು ಕುಣಿದವು. ಇದು ಇನ್ನೊಬ್ಬರಿಗೂ ಹೊಳೆದಿದೆಯಲ್ಲ! "ಅವನು ಪಕ್ಕದ ಮನೆಯ ಮಹಡಿಗೆ ಹಾರಿ, ಅಲ್ಲಿಯ ಹುಡುಗಿಯನ್ನು ಮದುವೆಯಾದ. ಅವಮಾನಕ್ಕೆ ಮನೆಯವರು ಹೆಸರೆತ್ತುವುದಿಲ್ಲ."

"ಸುಳ್ಳು! ನಲವತ್ತನೆಯ ಕಂತಿನಲ್ಲಿ ಅಪ್ಪ, ನನಗಿರುವುದು ಒಬ್ಬನೇ ಮಗ ಎನ್ನುತ್ತಾನೆ."

"ಅದು ಕೋಪದ ಮಾತು!"

"ನಗುನಗುತ್ತಾ ಹೇಳಿದ್ದು!"

ಜೇಡ ತಬ್ಬಿಬ್ಬಾಯಿತು. ಇಷ್ಟು ದಿನ ತನ್ನ ಉತ್ತರವನ್ನು ತಾನೊಂದೇ ಮೆಚ್ಚಿಕೊಂಡು ಕೂತಿದ್ದಾಯಿತು. ಈ ನೊಣವನ್ನು ತಿಂದರೆ, ನಾಳೆ ಸುಳ್ಳೆನ್ನಲು ಯಾರಿರುತ್ತಾರೆ? ಅದು ಎಳೆಯನ್ನು ಕಡಿಯಿತು.

"ಹೋಗು. ಸರಿಯಾದ ಉತ್ತರದೊಂದಿಗೆ ನಾಳೆ ಬಾ."

ಮರುದಿನ ನೊಣ ಬಂದಿತು. ಸಾಕ್ಷಿಗೆಂದು ಇನ್ನೆರಡು ನೊಣಗಳನ್ನೂ ಕರೆತಂದಿತು. ಹಸಿದ ಜೇಡ ಅವುಗಳಿಗೆ ಟೀವಿ ಚೆನ್ನಾಗಿ ಕಾಣುವ ಜಾಗ ತೋರಿಸಿ, "ಬಲೆ ಮುಟ್ಟಬೇಡಿ, ಜೋಕೆ!" ಎಂದಿತು.